ಹತ್ತಿರದಲ್ಲಿ ಗುರುಗಳಿಲ್ಲ, ಸ್ವಂತ ಖುಷಿಗೆ ಸಿತಾರ್ ಕಲಿಯಬೇಕು: ಕೊಡಗಿನಲ್ಲಿ ಹೀಗೆ ಕಲಿಯುತ್ತಿರುವವರು ಇದ್ದೀರಾ?

ಕಕ್ಕಬ್ಬೆ ಕಾಫಿ

ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ತೋಟ. ಮೈಸೂರಿನಲ್ಲಿ ಭಾವ ಹಿಂದೆ ಆಸೆಪಟ್ಟು ಕೊಂಡಿದ್ದ ಸಿತಾರ್ ಗೋಡೆಗೆ ಒರಗಿಕೊಂಡೇ ಇತ್ತು. ಈ ಸಲ ಕಾಫಿ ಕೊಯ್ಲು ಮುಗಿಸಿ ಅಲ್ಲಿಗೆ ಹೋದಾಗ ಅಕ್ಕ ಅದನ್ನು ನನಗೇ ಕೊಟ್ಟುಬಿಟ್ಟಳು. ರೇಡಿಯೊದಲ್ಲಿ ಸಿತಾರ್ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುವವ ನಾನು, ಸಣ್ಣವನಿದ್ದಾಗಿನಿಂದಲೂ. ಈಗ ವಯಸ್ಸು ಐವತ್ತು ದಾಟಿದೆ. ವೇದಿಕೆ ಹತ್ತಬೇಕು, ಪರೀಕ್ಷೆ ಕಟ್ಟಬೇಕು ಎಂಬ ಯೋಚನೆ ಏನೂ ಇಲ್ಲ. ಸಂಜೆ ಕೆಲಸದವರು ಹೊರಟ ಮೇಲೆ ಒಂದು ಗಂಟೆ ಕೂತು ನುಡಿಸಬೇಕು, ಅಷ್ಟೇ.

ಸಿತಾರ್ ಹೇಳಿಕೊಡುವವರು ಇಲ್ಲಿ ಹತ್ತಿರದಲ್ಲಿ ನನಗೆ ಸಿಕ್ಕಿಲ್ಲ. ವಾರವಾರ ಮೈಸೂರಿಗೆ ಹೋಗಿ ಬರುವುದು ಆಗದ ಮಾತು. ಆನ್‌ಲೈನ್ ಕ್ಲಾಸು ಅಂದರೆ, ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಗುರು ಇಲ್ಲದೆ ಕಲಿತರೆ ಕೈ ಕೆಟ್ಟು ಹೋಗ್ತದೆ, ಅದಕ್ಕಿಂತ ಮುಟ್ಟದೇ ಇರುವುದು ಒಳ್ಳೆಯದು ಅಂತ ಪರಿಚಯದವರೊಬ್ಬರು ಹೇಳಿದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ತಾವೇ ಕಲಿತವರು, ಕಲಿಯುತ್ತಿರುವವರು ಯಾರಾದರೂ ಇದ್ದರೆ ಎಲ್ಲಿಂದ ಶುರು ಮಾಡಬೇಕು ಹೇಳಿ.

ಇನ್ನೊಂದು ವಿಷಯ. ಮಳೆಗಾಲ ಬರ್ತಾ ಉಂಟು. ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಇಡು, ಬೂಷ್ಟು ಹಿಡಿಯುವುದಿಲ್ಲ ಅಂತಾರೆ ಅಮ್ಮ. ಇಡಬಹುದಾ?

ಕುಶಾಲನಗರ ಮರಗೆಲಸ

ಅಣ್ಣ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಒಲೆ ಅಟ್ಟಕ್ಕೆ ಮಾತ್ರ ಇಡಬೇಡಿ. ಬೀಜದ ಭತ್ತಕ್ಕೆ, ಒಣಗಿಸಿದ ಹಂದಿಮಾಂಸಕ್ಕೆ ಆ ಜಾಗ ಸರಿ. ಸಿತಾರ್‌ನ ಕೆಳಗಿನ ಬುರುಡೆ ಒಣಗಿಸಿದ ಸೋರೆ ಜಾತಿಯ ಕಾಯಿ. ಅದರ ಬಾಯಿ ಮುಚ್ಚುವ ಮರದ ಹಲಗೆ ತಬಲಿ, ಆಮೇಲೆ ಉದ್ದನೆಯ ಕತ್ತು ಅಂದರೆ ಡಾಂಡಿ, ಎಲ್ಲವನ್ನೂ ಅಂಟಿನಲ್ಲಿ ಕೂಡಿಸಿರ್ತಾರೆ. ಡಾಂಡಿಗೂ ತಬಲಿಗೂ ಸಾಮಾನ್ಯವಾಗಿ ತೂನ್ ಇಲ್ಲವೇ ತೇಗದ ಮರ. ಕಾಯಿ, ಮರ, ಅಂಟು ಈ ಮೂರೂ ಬಿಸಿಗೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಹಗಲು ಒಲೆ ಉರಿದು, ರಾತ್ರಿ ಆರಿ, ಮತ್ತೆ ಥಂಡಿ ಗಾಳಿ ಬಡಿದರೆ ಕೂಡಿಕೆ ಬಿಡ್ತದೆ. ಬುರುಡೆಯಲ್ಲಿ ಕೂದಲೆಳೆಯಂತಹ ಬಿರುಕು ಬಂದರೂ ನಾದ ಹೋಯಿತು.

ಬಟ್ಟೆಬರೆಗೆ ಬೂಷ್ಟು ಹಿಡಿಯದ ಹಾಗೆ ನಮ್ಮ ಮನೆಗಳಲ್ಲಿ ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸ್ತೇವಲ್ಲ, ಸಿತಾರ್‌ಗೂ ಅದೇ ಸಾಕು. ಬಲ್ಬ್ ವಾದ್ಯಕ್ಕೆ ತಾಗದಷ್ಟು ದೂರ ಇರಲಿ. ಗಟ್ಟಿ ಪೆಟ್ಟಿಗೆ ಇದ್ದರೆ ಒಳಗೆ ಸಿಲಿಕಾ ಜೆಲ್ ಚೀಲ ಹಾಕಿ, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಹೊರಗಿನ ಗೋಡೆಗೆ ಒರಗಿಸಬೇಡಿ, ಆ ಗೋಡೆ ಆಗಸ್ಟ್ ತನಕ ನೀರು ಕುಡೀತಾ ಇರ್ತದೆ. ತಬಲಿ ಮೇಲೆ ಬಿಳಿ ಬೂಷ್ಟು ಕಂಡರೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಣ್ಣೆ, ಪಾಲಿಶ್ ಏನೂ ಬೇಡ.

ತಂತಿ ಬಿಗಿಸುವ ಬಿರಡೆಗಳ ವಿಷಯವೂ ಹೇಳಿಬಿಡ್ತೇನೆ. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಕಚ್ಚಿಕೊಳ್ತದೆ. ಆಗ ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ಮುರಿಯುವುದು ಖಂಡಿತ. ಸ್ವಲ್ಪ ಹೊರಗೆಳೆದು ಸಡಿಲ ಮಾಡಿ, ಆಮೇಲೆ ತಿರುಗಿಸಿ. ಫೆಬ್ರವರಿ, ಮಾರ್ಚ್ ಒಣ ಹವೆಯಲ್ಲಿ ಉಲ್ಟಾ, ಬಿರಡೆ ನಿಲ್ಲದೆ ಜಾರ್ತದೆ. ಆಗ ಬಿಚ್ಚಿ ಸೀಮೆಸುಣ್ಣದ ಪುಡಿ ಸವರಿ ಒತ್ತಿ ಕೂರಿಸಿ.

ಧಾರವಾಡದ ಕಿವಿ

ಕೆಲಸದ ನಿಮಿತ್ತ ವಿರಾಜಪೇಟೆಗೆ ಬಂದು ನೆಲೆಸಿದವ ನಾನು, ಮೂಲ ಧಾರವಾಡ. ರುದ್ರವೀಣೆ ನುಡಿಸೂ ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ನಮ್ಮೂರಿಗೆ ಬಂದು ನೆಲೆಸಿದ್ದರಿಂದ ಕರ್ನಾಟಕದಾಗ ಸಿತಾರ್ ಬೇರು ಬಿಟ್ಟಿತು. ಅವರ ಮೊಮ್ಮಗ ಬಾಲೇ ಖಾನರ ನುಡಿಸಾಣಿಕೆ ಕೇಳಿ ಬೆಳೆದ ಮಂದಿ ನಮ್ಮ ಕಡೆ ಭಾಳ ಅದಾರ. ಆ ಮನೆತನದಾಗ ವಿದ್ಯೆ ತಂದೆಯಿಂದ ಮಗನಿಗೆ, ಎದುರಿಗೆ ಕೂಡಿಸಿಕೊಂಡು ಕೊಟ್ಟದ್ದು. ಹಂಗಾಗಿ ಗುರು ಇಲ್ಲದ ಸಿತಾರ್ ಅಂದ್ರ ನನಗ ಮನಸ್ಸು ಒಪ್ಪೂದಿಲ್ಲ, ಖರೇ ಹೇಳ್ತೀನಿ.

ಯಾಕಂದ್ರ ಪುಸ್ತಕದಾಗ, ವಿಡಿಯೊದಾಗ ಸ್ವರ ಸಿಗ್ತಾವ, ಆದ್ರ ನಿಮ್ಮ ಕೈ ನೋಡವರು ಯಾರು? ಸಿತಾರ್ ಹಿಡಿಯೂದ ಅರ್ಧ ವಿದ್ಯೆ. ಬಲಗಾಲು ಎಡಗಾಲಿನ ಮ್ಯಾಲೆ ಬರಬೇಕು, ಬುರುಡೆ ಎಡ ಪಾದದ ಅಂಗಾಲಿನ ಮ್ಯಾಲೆ ಕೂಡಬೇಕು, ಬಲಗೈ ಮುಂಗೈ ಬುರುಡೆಯನ್ನ ಒತ್ತಿ ಹಿಡಿಬೇಕು. ಡಾಂಡಿ ಓರೆಯಾಗಿ ಮ್ಯಾಲೆ ನಿಲ್ಲಬೇಕು. ಈಗ ಎಡಗೈ ಪೂರ್ತಿ ಬಿಟ್ಟು ನೋಡ್ರಿ. ಸಿತಾರ್ ತಾನ ನಿಂತಿದ್ರ ಸರಿ ಅದ. ಜಾರಿತು ಅಂದ್ರ ನಿಮ್ಮ ಎಡಗೈ ಇಷ್ಟು ದಿನ ಹೊರೆ ಹೊತ್ತದ ಅಂತ ಅರ್ಥ, ಹೊರೆ ಹೊತ್ತ ಕೈ ಮೀಂಡ್ ಎಳಿಯೂದಿಲ್ಲ, ಅಂದ್ರ ತಂತಿ ಪಕ್ಕಕ್ಕ ಎಳದು ಸ್ವರ ಜಾರಿಸೂದು ಆಗೂದಿಲ್ಲ. ಬಲಗೈ ಹೆಬ್ಬೆರಳು ಕೊನೆಯ ಪರದೆಯ (ತಂತಿ ಒತ್ತೂ ಅಡ್ಡ ಕಂಬಿಯ) ಹತ್ತಿರ ಡಾಂಡಿಯ ಅಂಚಿಗೆ ಊರಿ ಅಲ್ಲೇ ಇರಬೇಕು, ಎತ್ತಬಾರದು.

ವಾರವಾರ ಬ್ಯಾಡ, ಶುರುವಾತಿನಾಗ ಒಂದೆರಡು ಸಲ ಆದರೂ ಗೊತ್ತಿದ್ದವರ ಮುಂದ ಕೂತು ಕೈ ತೋರಿಸ್ರಿ. ಅಷ್ಟು ಮಾಡಿದ್ರ ಮುಂದಿನ ದಾರಿ ನೀವ ನಡಿಬಹುದು.

ಕಕ್ಕಬ್ಬೆ ಕಾಫಿ

ಮರಗೆಲಸದ ಅಣ್ಣನಿಗೆ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಒಪ್ಪಿದರು. ಧಾರವಾಡದ ಸರ್, ಎಡಗೈ ಬಿಟ್ಟು ನೋಡಿದೆ. ಒಂದು ಕ್ಷಣ ನಿಂತು ಮೆಲ್ಲ ಎಡಕ್ಕೆ ಜಾರ್ತಾ ಉಂಟು. ಪಾದದ ಮೇಲೆ ಬುರುಡೆ ಕೂರಿಸಿದರೆ ಮೊಣಕಾಲು ಹಿಡ್ಕೊಳ್ತದೆ.

ಗೋಣಿಕೊಪ್ಪ ನೈಟ್‌ಶಿಫ್ಟ್

ನಾನು ನರ್ಸ್. ನಾನೂ ಸ್ವಂತವಾಗಿಯೇ ಕಲಿಯುತ್ತಿರುವವಳು, ಹೆಚ್ಚಿನ ಅಭ್ಯಾಸ ಪಾಳಿ ಮುಗಿದ ಮೇಲೆ. ಮೊಣಕಾಲಿನ ವಿಷಯದಲ್ಲಿ ಸರ್ ಹೇಳಿದ ಕೂರುವ ಕ್ರಮ ಸರಿ. ಆದರೆ ಅದಕ್ಕೆ ಮೈ ಒಗ್ಗುವ ತನಕ ಕುಂಡೆಯ ಕೆಳಗೆ ಗಟ್ಟಿ ದಿಂಬು ಹಾಕಿ, ಸೊಂಟ ಮೊಣಕಾಲಿಗಿಂತ ಮೇಲೆ ಬರಲಿ. ಕಾಲು ಜೋಮು ಹಿಡಿದರೆ ತಡೆದುಕೊಂಡು ಕೂರಬೇಡಿ, ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಬನ್ನಿ. ಬುರುಡೆಯ ಭಾರ ಪಾದದ ನರದ ಮೇಲೆ ಬೀಳ್ತದೆ. ಸಕ್ಕರೆ ಕಾಯಿಲೆ ಇರುವವರಾದರೆ ಅಭ್ಯಾಸ ಮುಗಿದ ಮೇಲೆ ಪಾದವನ್ನೂ ಎಡಗೈ ಬೆರಳುಗಳನ್ನೂ ಒಮ್ಮೆ ನೋಡಿಕೊಳ್ಳಿ. ಗಾಯ ಆದದ್ದು ಗೊತ್ತಾಗದೇ ಹೋಗುವುದು ಅಂಥವರಿಗೇ.

ಬೆರಳು ಎಲ್ಲರಿಗೂ ಕುಯ್ಯುತ್ತದೆ. ಎಡಗೈ ತೋರುಬೆರಳು, ಮಧ್ಯದ ಬೆರಳು, ಈ ಎರಡರ ತುದಿಯಲ್ಲಿ ಸಣ್ಣ ಗೀರು ಬಿದ್ದು ಅದೇ ದಪ್ಪಗಾಗ್ತದೆ. ರಕ್ತ ಬಂದರೆ ಆ ದಿನಕ್ಕೆ ನಿಲ್ಲಿಸಿ. ಬೊಬ್ಬೆ ಎದ್ದರೆ ಚುಚ್ಚಬೇಡಿ. ಸ್ವಲ್ಪ ಹತ್ತಿಯನ್ನು ತೆಂಗಿನೆಣ್ಣೆಯಲ್ಲಿ ನೆನೆಸಿ ಪಕ್ಕದಲ್ಲಿಟ್ಟುಕೊಳ್ಳಿ, ಆಗಾಗ ಬೆರಳ ತುದಿ ಮುಟ್ಟಿಸಿದರೆ ಮೀಂಡ್ ಸಲೀಸಾಗಿ ಬರ್ತದೆ. ನುಡಿಸಿಯಾದ ಮೇಲೆ ತಂತಿಗಳನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಕು. ನಮ್ಮ ಹವೆಗೆ ಉಕ್ಕಿನ ತಂತಿ ತುಕ್ಕು ಹಿಡಿಯುವುದಕ್ಕೆ ಹೆಚ್ಚು ದಿನ ಬೇಡ. ತುಕ್ಕಿನ ತಂತಿ ಬೆರಳು ಕುಯ್ಯಬಹುದು, ಧನುರ್ವಾಯು (ಟೆಟನಸ್) ಬಾರದ ಹಾಗೆ ಕೊಡುವ ಇಂಜೆಕ್ಷನ್ ಯಾವಾಗ ತಗೊಂಡದ್ದು ಅಂತ ನೆನಪಿಟ್ಟುಕೊಳ್ಳಿ.

ಮಿಜರಾಬ್ ಬಗ್ಗೆ ಯಾರೂ ಹೇಳಲಿಲ್ಲ. ಬಲಗೈ ತೋರುಬೆರಳಿಗೆ ಹಾಕುವ ಆ ತಂತಿಯ ಉಂಗುರ ಬಿಗಿಯಾಗಿದ್ದರೆ ಬೆರಳ ತುದಿ ನೀಲಿ ತಿರುಗ್ತದೆ, ಸಡಿಲವಾಗಿದ್ದರೆ ಪ್ರತಿ ಹೊಡೆತಕ್ಕೂ ತಿರುಗ್ತದೆ. ಅಂಗಡಿಯಿಂದ ತಂದದ್ದು ಹಾಗೆಯೇ ಸರಿಹೊಂದುವುದು ಅಪರೂಪ. ಸಣ್ಣ ಪ್ಲೇಯರ್‌ನಲ್ಲಿ ಸ್ವಲ್ಪಸ್ವಲ್ಪ ಬಗ್ಗಿಸಿ ನಿಮ್ಮ ಬೆರಳಿಗೆ ಮಾಡಿಕೊಳ್ಳಿ. ಬೆರಳಿಗೆ ಸರಿಯಾಗಿ ಕೂತ ಮಿಜರಾಬ್ ಸಿಕ್ಕಿದ ದಿನ ನನಗೆ ಬಲಗೈಯ ನೋವು ಅರ್ಧಕ್ಕರ್ಧ ಕಡಿಮೆಯಾಯಿತು.

ರಾತ್ರಿ ನುಡಿಸುವವರಿಗೆ: ಜವಾರಿಯ, ಅಂದರೆ ತಬಲಿಯ ಮೇಲೆ ತಂತಿಗಳನ್ನು ಹೊರುವ ಸೇತುವೆಯ, ಹತ್ತಿರ ತಂತಿಗಳ ಅಡಿ ಮೆತ್ತನೆ ಬಟ್ಟೆ ಮಡಚಿ ತೂರಿಸಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ. ಬಲಗೈ ದಾ, ರಾ ಅಭ್ಯಾಸಕ್ಕೆ ಅಷ್ಟು ಸಾಕು. ಸ್ವರದ ಅಭ್ಯಾಸಕ್ಕೆ ಮಾತ್ರ ಬಟ್ಟೆ ತೆಗೆಯಬೇಕು.

ಸುಂಟಿಕೊಪ್ಪ ಹುಡುಗ

ದಾ, ರಾ ಅಂದರೆ ಯಾವುದು ಒಳಗೆ ಯಾವುದು ಹೊರಗೆ ಅಕ್ಕ? ಒಂದೊಂದು ವಿಡಿಯೊದಲ್ಲಿ ಒಂದೊಂದು ಹೇಳ್ತಾರೆ.

ಗೋಣಿಕೊಪ್ಪ ನೈಟ್‌ಶಿಫ್ಟ್

ಸಿತಾರ್‌ನಲ್ಲಿ ಬೆರಳು ಅಂಗೈ ಕಡೆಗೆ ಬಂದರೆ ದಾ, ಹೊರಗೆ ಹೋದರೆ ರಾ. ಸರೋದ್‌ನಲ್ಲಿ ಉಲ್ಟಾ. ನೀನು ನೋಡಿದ್ದರಲ್ಲಿ ಒಂದು ಸರೋದ್ ವಿಡಿಯೊ ಇರಬೇಕು.

ವಿರಾಜಪೇಟೆ ವೀಣೆ

ಈ ಚರ್ಚೆ ನೋಡಿ ತುಂಬಾ ಸಂತೋಷವಾಯಿತು. ನಾನು ಮದುವೆಗೆ ಮುಂಚೆ ಮೈಸೂರಿನಲ್ಲಿ ಕ್ರಮವಾಗಿ ವೀಣೆ ಕಲಿತವಳು. ಸಿತಾರ್ ಮಾತ್ರ ಇಲ್ಲಿ ಬಂದ ಮೇಲೆ ನನ್ನಷ್ಟಕ್ಕೆ ಕಲಿತದ್ದು. ಎರಡನ್ನೂ ಕೈಯಲ್ಲಿ ಹಿಡಿದವಳಾಗಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯವರು ಹೆಚ್ಚಿನವರು ಎಡವುವುದು ಅಲ್ಲೇ.

ಸಂಗೀತ ಕಲಿಯುವುದು ಅಂದ ಕೂಡಲೇ ನಮಗೆ ನೆನಪಾಗುವುದು ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತಲೇ ನಮಗೆಲ್ಲ ಮಾಯಾಮಾಳವಗೌಳದಲ್ಲಿ ಹೇಳಿಕೊಟ್ಟದ್ದು. ವೀಣೆಯಲ್ಲಿ 24 ಮೆಟ್ಟುಗಳು ಮೇಣದಲ್ಲಿ ಕೂತಿರುತ್ತವೆ, ಹನ್ನೆರಡು ಸ್ವರಸ್ಥಾನವೂ ಕೈಗೆ ಸಿಗುತ್ತದೆ, ಯಾವ ರಾಗವಾದರೂ ಮೆಟ್ಟು ಮುಟ್ಟುವ ಹಾಗಿಲ್ಲ. ಸಿತಾರ್‌ನಲ್ಲಿ ಸುಮಾರು 20 ಪರದೆ, ಅವನ್ನು ದಾರದಲ್ಲಿ ಕಟ್ಟಿರುತ್ತಾರೆ, ಸರಿಸಬಹುದು. ಮಧ್ಯ (ನಡುವಿನ) ಸಪ್ತಕದಲ್ಲಿ ರಿಷಭಕ್ಕೆ ಒಂದೇ ಪರದೆ, ಧೈವತಕ್ಕೆ ಒಂದೇ ಪರದೆ. ಮಾಯಾಮಾಳವಗೌಳಕ್ಕೆ, ಅಂದರೆ ಹಿಂದೂಸ್ತಾನಿಯವರ ಭೈರವ ಥಾಟಿಗೆ (ಸ್ವರಗಳ ಗುಂಪಿಗೆ), ಈ ಎರಡೂ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿದ್ದು, ಬೇಕು. ಪರದೆ ಸರಿಸದೆ ನುಡಿಸಿದರೆ ಬೇರೆಯೇ ಸ್ವರ ಕೇಳುತ್ತದೆ. ತಪ್ಪು ತನ್ನದೇ ಇರಬೇಕು ಅಂದುಕೊಂಡು ಕಲಿಯುವವರು ಕೈಬಿಡುತ್ತಾರೆ. ಪರದೆ ಸರಿಸುವುದು ದೊಡ್ಡ ಕೆಲಸವೇನಲ್ಲ, ಆದರೆ ಹೊಸಬರು ಸರಿಸಿದ ಪರದೆಯನ್ನು ವಾಪಸ್ ಸರಿಯಾದ ಜಾಗಕ್ಕೆ ತರುವುದು ಕಷ್ಟ.

ಆದ್ದರಿಂದ ಯಮನ್‌ನಿಂದ ಶುರು ಮಾಡಿ. ನಮ್ಮ ಕಲ್ಯಾಣಿಯ ಸ್ವರಗಳೇ. ತೀವ್ರ (ಅರ್ಧ ಸ್ವರ ಏರಿದ) ಮಧ್ಯಮಕ್ಕೆ ಬೇರೆ ಪರದೆ ಇದ್ದೇ ಇದೆ, ಏನನ್ನೂ ಸರಿಸುವುದು ಬೇಡ. ಇಲ್ಲವೇ ಬಿಲಾವಲ್ ಸ್ವರಗಳು, ಅಂದರೆ ಶಂಕರಾಭರಣ. ಸಂಜೆಗೆ ಯಮನ್ ಹೊಂದುತ್ತದೆ, ನೀವು ಕೂರುವುದೂ ಸಂಜೆಯೇ. ಒಂದು ವರ್ಷ ಪೂರ್ತಿ ಯಮನ್ ಒಂದನ್ನೇ ನುಡಿಸಿದರೂ ಬೇಜಾರು ಬರುವ ರಾಗ ಅಲ್ಲ ಅದು. ಮಂದ್ರದ, ಅಂದರೆ ಕೆಳ ಸಪ್ತಕದ, ನಿಷಾದದಿಂದ ರಿಷಭಕ್ಕೆ ಬಂದು ಗಾಂಧಾರದ ಮೇಲೆ ನಿಲ್ಲಿ. ಆ ಗಾಂಧಾರವನ್ನು ಕೇಳುತ್ತಾ ಕೂರಿ. ನನಗೆ ವೀಣೆಯ ಕಲ್ಯಾಣಿಯಲ್ಲಿ ಗಮಕದ ನಡುವೆ ಕಂಡ ಗಾಂಧಾರವೇ ಬೇರೆ, ಇಲ್ಲಿ ನೇರವಾಗಿ, ಅಲ್ಲಾಡದೆ, ಅಷ್ಟು ಹೊತ್ತು ನಿಲ್ಲುವ ಗಾಂಧಾರವೇ ಬೇರೆ. ಅದನ್ನು ಕೇಳಿದ ಮೇಲೆ ಸಿತಾರ್ ಬಿಡಲು ನನ್ನಿಂದ ಆಗಲಿಲ್ಲ.

ಮಡಿಕೇರಿ ಮೇಷ್ಟ್ರು

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ. ಸಿತಾರ್ ನುಡಿಸುವುದಕ್ಕಿಂತ ಶ್ರುತಿ ಮಾಡುವುದರಲ್ಲೇ ನನಗೆ ಹೆಚ್ಚು ಆನಂದ. ಒಬ್ಬರೇ ಕಲಿಯುವವರಿಗೆ ಶ್ರುತಿ ಮಾಡುವ ಹೊತ್ತೇ ಅತಿ ದೊಡ್ಡ ಪಾಠ ಅಂತ ನಾನು ನಂಬಿದ್ದೇನೆ. ಆ ಹೊತ್ತಿನಲ್ಲಿ ನಿಮ್ಮ ಕಿವಿ ತಯಾರಾಗುತ್ತದೆ. ಕಿವಿ ತಯಾರಾದರೆ ಕೈಯ ತಪ್ಪನ್ನು ಅದೇ ಹಿಡಿಯುತ್ತದೆ. ಧಾರವಾಡದವರು ಕೇಳಿದ "ನಿಮ್ಮ ಕೈ ನೋಡವರು ಯಾರು" ಎಂಬ ಪ್ರಶ್ನೆಗೆ ನನ್ನ ಉತ್ತರ ಇದು.

ಕಕ್ಕಬ್ಬೆಯವರೇ, ನಿಮ್ಮ ಸಿತಾರ್‌ಗೆ ಮೇಲ್ಗಡೆ ಇನ್ನೊಂದು ಸಣ್ಣ ಬುರುಡೆ ಇದೆಯೇ, ಆಳದ ಸ್ವರಕ್ಕೆಂದು ಹಾಕುವ ದಪ್ಪ ಖರಜ್ ತಂತಿಗಳಿವೆಯೇ? ಇದ್ದರೆ ಅದು ರವಿಶಂಕರ್ ಅವರು ನುಡಿಸುತ್ತಿದ್ದ ಖರಜ್ ಪಂಚಮ ಬಗೆ. ವಿಲಾಯತ್ ಖಾನರ ಗಾಂಧಾರ ಪಂಚಮ ಬಗೆಯಲ್ಲಿ ಆ ದಪ್ಪ ತಂತಿಗಳಿಲ್ಲ. ಖರಜ್ ಪಂಚಮ ಬಗೆಯಲ್ಲಿ ನಿಮ್ಮ ಷಡ್ಜವನ್ನು ಹಾರ್ಮೋನಿಯಂನ ಕಪ್ಪು ಒಂದಕ್ಕೆ (ಮೊದಲ ಕಪ್ಪು ಮನೆಗೆ) ಇಟ್ಟುಕೊಳ್ಳಿ. ಮೊದಲ ತಂತಿ, ಅಂದರೆ ಬಾಜ್, ಮಂದ್ರ ಮಧ್ಯಮ. ಎರಡನೆಯದು ಜೋಡ್, ಮಂದ್ರ ಷಡ್ಜ. ಮೂರು, ನಾಲ್ಕು ಇನ್ನೂ ಕೆಳಗಿನ ಪಂಚಮ, ಷಡ್ಜ. ಐದು ಪಂಚಮ. ಕೊನೆಯ ಎರಡು, ಲಯಕ್ಕೆ ನಡುನಡುವೆ ಮೀಟುವ ಚಿಕಾರಿ, ಮಧ್ಯ ಷಡ್ಜ ಮತ್ತು ತಾರ (ಮೇಲಿನ) ಷಡ್ಜ. ಇವುಗಳ ಕೆಳಗೆ ಹಾದುಹೋಗುವ 11ರಿಂದ 13 ತರಬ್ ತಂತಿಗಳನ್ನು ನೀವು ನುಡಿಸುವ ರಾಗದ ಸ್ವರಗಳಿಗೇ ಕೂಡಿಸಬೇಕು.

ಈಗ ಒಂದು ಪ್ರಯೋಗ. ಕಡಲೆಕಾಳಿನಷ್ಟು ಅಗಲದ ತೆಳು ಕಾಗದ ಕತ್ತರಿಸಿ, ನಡುವೆ ಮಡಚಿ, ಗಾಂಧಾರಕ್ಕೆ ಕೂಡಿಸಿದ ತರಬ್ ತಂತಿಯ ಮೇಲೆ ಕುದುರೆ ಸವಾರನ ಹಾಗೆ ಕೂರಿಸಿ. ಬಾಜ್ ತಂತಿಯಲ್ಲಿ ರಿಷಭ ನುಡಿಸಿ: ಕಾಗದ ಸುಮ್ಮನಿರುತ್ತದೆ. ಗಾಂಧಾರ ನುಡಿಸಿ: ಕಾಗದ ನಡುಗಿ ಬಿದ್ದುಹೋದರೆ ಪರದೆ, ತರಬ್ ಎರಡೂ ಸರಿ. ನಡುಗಲಿಲ್ಲವೇ, ಬಾಜ್ ತಂತಿಯನ್ನು ಅದೇ ಪರದೆಯ ಮೇಲೆ ಕೂದಲೆಳೆಯಷ್ಟು ಪಕ್ಕಕ್ಕೆ ಎಳೆದು ನೋಡಿ. ಆಗ ನಡುಗಿದರೆ ಪರದೆ ತುಸು ತಗ್ಗಿದೆ ಎಂದರ್ಥ, ಜವಾರಿ ಕಡೆಗೆ ಇಷ್ಟೇ ಇಷ್ಟು ಸರಿಸಬೇಕು. ಆ್ಯಪ್ ನೋಡಿ ಶ್ರುತಿ ಮಾಡಿದವರಿಗೆ ಮುಳ್ಳು ಮಧ್ಯಕ್ಕೆ ಬಂದದ್ದು ಗೊತ್ತಾಗುತ್ತದೆ. ಹೀಗೆ ಮಾಡಿದವರಿಗೆ ಇಡೀ ವಾದ್ಯ ಒಪ್ಪಿಕೊಂಡದ್ದು ಗೊತ್ತಾಗುತ್ತದೆ.

ಪರದೆಗಳ ಜಾಗ ಪೂರ್ತಿ ಕಲಸಿಹೋಗಿದ್ದರೆ ಅಳತೆಪಟ್ಟಿಯೂ ಸಹಾಯಕ್ಕೆ ಬರುತ್ತದೆ. ಮೇಲಿನ ಮೇರುವಿನಿಂದ (ಡಾಂಡಿಯ ಮೇಲ್ತುದಿಯಲ್ಲಿ ತಂತಿ ಹೊರುವ ಪಟ್ಟಿಯಿಂದ) ಜವಾರಿಗೆ 88 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. ಬಾಜ್ ತೆರೆದಾಗ ಮಂದ್ರ ಮಧ್ಯಮ, ಆದ್ದರಿಂದ ಮಧ್ಯ ಸಪ್ತಕದ ಮಧ್ಯಮ ಸರಿ ಅರ್ಧಕ್ಕೆ, 44ರ ಆಸುಪಾಸು. ಮಧ್ಯ ಷಡ್ಜ ಮೂರರಲ್ಲಿ ಎರಡು ಪಾಲಿಗೆ, ಅಂದರೆ ಜವಾರಿಯಿಂದ ಸುಮಾರು 58.7. ಒತ್ತಿದಾಗ ತಂತಿ ಹಿಗ್ಗುವುದರಿಂದ ಕೊನೆಯ ತೀರ್ಮಾನ ಕಿವಿಯದು.

ಜವಾರಿಯ ಆ ಗುಂಯ್‌ಗುಟ್ಟುವ ನಾದದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೇತುವೆಯ ಮೇಲ್ಮೈ ತುಸು ಬಾಗಿದ ಅಗಲ ಪಟ್ಟಿ. ತಂತಿ ಅದರುವಾಗ ಆ ಪಟ್ಟಿಯನ್ನು ಸವರಿಕೊಂಡೇ ಅದರುತ್ತದೆ, ಅದರಿಂದ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಾಂಶಗಳು ಎದ್ದು ಬರುತ್ತವೆ. ಸಿ. ವಿ. ರಾಮನ್ ಅವರು 1921ರಲ್ಲೇ ತಂಬೂರಿ, ವೀಣೆಗಳ ಸೇತುವೆಯ ಬಗ್ಗೆ ಬರೆದರು. ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದು ಅಂತ ಹಳೆಯ ನಿಯಮ ಹೇಳುವ ಸ್ವರಾಂಶಗಳೂ ಈ ವಾದ್ಯಗಳಲ್ಲಿ ಕೇಳುತ್ತವೆ ಎಂದು ತೋರಿಸಿದರು. ತರಗತಿಯಲ್ಲಿ ಈ ಪಾಠ ಮಾಡುವಾಗ ಮಕ್ಕಳ ಮುಖದಲ್ಲಿ ಬರುತ್ತಿದ್ದ ಕಳೆ ನನಗೆ ಇವತ್ತಿಗೂ ಪ್ರೀತಿ.

ಕುಶಾಲನಗರ ಮರಗೆಲಸ

ಮೇಷ್ಟ್ರೇ, ಜವಾರಿ ಮಾತು ಬಂತಲ್ಲ, ಒಂದು ಎಚ್ಚರಿಕೆ ಹಾಕಿಬಿಡ್ತೇನೆ. ಉಪ್ಪುಕಾಗದ ಹಿಡಿದು ಜವಾರಿ ಉಜ್ಜಬೇಡಿ ಯಾರೂ. ನಾನು ದಿನವೂ ಉಳಿ, ಅರ ಹಿಡಿಯುವವ, ನನಗೂ ಆ ಕೆಲಸಕ್ಕೆ ಧೈರ್ಯ ಇಲ್ಲ. ತಂತಿ ಉಜ್ಜಿ ಉಜ್ಜಿ ಗೆರೆ ಬಿದ್ದು ನಾದ ಸತ್ತುಹೋದರೆ ಅದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ. ಮೀರಜ್‌ನಲ್ಲಿ ತಲೆತಲಾಂತರದಿಂದ ಅದೇ ಕೆಲಸ ಮಾಡುವ ಮನೆತನಗಳು ಇದ್ದಾವೆ. ಅಲ್ಲಿಯ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ನಮಗೆ ರೈಲಿಲ್ಲ, ಮೈಸೂರು ಇಲ್ಲವೇ ಹುಬ್ಬಳ್ಳಿ ಮೇಲಾಗಿ ಹೋಗಬೇಕು, ದೂರ ಆಗ್ತದೆ ಹೌದು. ಆದರೆ ವಾದ್ಯದ ಜೀವ ಇರುವುದೇ ಆ ಪಟ್ಟಿಯಲ್ಲಿ.

ಕಕ್ಕಬ್ಬೆ ಕಾಫಿ

ಮೇಷ್ಟ್ರೇ, ಕಾಗದದ ಪ್ರಯೋಗ ಮಾಡಿದೆ. ನನ್ನದು ಎರಡು ಬುರುಡೆಯ ಸಿತಾರ್, ನೀವು ಹೇಳಿದ ಬಗೆಯದೇ. ತರಬ್ ತಂತಿಗಳನ್ನು ಇಷ್ಟು ದಿನ ಮುಟ್ಟಿಯೇ ಇರಲಿಲ್ಲ. ಗಾಂಧಾರದ ಪರದೆ ತುಸು ತಗ್ಗಿತ್ತು, ಎಳೆದಾಗ ಮಾತ್ರ ಕಾಗದ ನಡುಗಿತು. ದಾರ ಸಡಿಲಿಸದೆ ಹೆಬ್ಬೆರಳಲ್ಲೇ ಸ್ವಲ್ಪ ನೂಕಿದೆ, ಮತ್ತೆ ನುಡಿಸಿದೆ, ಕಾಗದ ಹಾರಿ ಚಾಪೆಯ ಮೇಲೆ ಬಿತ್ತು. ಅಮ್ಮನನ್ನು ಕರೆದು ಅವರಿಗೂ ತೋರಿಸಿದೆ. ಆಮೇಲೆ ಒಂದೊಂದೇ ತರಬ್ ಕೂಡಿಸಿಕೊಳ್ತಾ ರಾತ್ರಿ ಊಟದ ಹೊತ್ತು ಮೀರಿತು. ರಾಗ ಅಂತ ಏನೂ ನುಡಿಸಲಿಲ್ಲ, ಆದರೂ ಮನಸ್ಸು ತುಂಬಿ ಹೋಯಿತು.

ಧಾರವಾಡದ ಕಿವಿ

ಮೇಷ್ಟ್ರು ಹೇಳಿದ ಕಿವಿಯ ಮಾತು ಪೂರ್ತಿ ಒಪ್ಪತೀನಿ. ಆದ್ರ ಅದರಿಂದ ಗುರು ಬ್ಯಾಡ ಅಂತ ಆಗೂದಿಲ್ಲ. ಗಾಂಧಾರ ತಪ್ಪಿದ್ದನ್ನ ಕಾಗದ ಹೇಳತದ. ಗಾಂಧಾರಕ್ಕ ಯಾವ ದಾರಿಯಿಂದ ಬರಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನೂದನ್ನ ಯಾವ ಕಾಗದ ಹೇಳತದ?

1938ರ ವರ್ಷ ನೋಡ್ರಿ. ಅಣ್ಣ ಉದಯಶಂಕರರ ನೃತ್ಯ ತಂಡದ ಮೆರುಗೆಲ್ಲ ಬಿಟ್ಟು ರವಿಶಂಕರ್ ಮಧ್ಯಪ್ರದೇಶದ ಮೈಹರಿಗೆ ಹೋಗಿ ಅಲ್ಲಾವುದ್ದೀನ್ ಖಾನರ ಮುಂದ ಕೂತರು. ಅದೇ ವರ್ಷ ವಿಲಾಯತ್ ಖಾನರ ತಂದೆ ಇನಾಯತ್ ಖಾನರು ತೀರಿಕೊಂಡರು, ಮಗ ಇನ್ನೂ ಸಣ್ಣ ಹುಡುಗ. ಆ ಹುಡುಗ ಮುಂದ ತಾಯಿಯ ಕಡೆಯವರಿಂದ ಕಲಿತರು, ಅವರು ಹಾಡುವ ಮಂದಿ. ಗಾಯನವನ್ನ ಸಿತಾರದಾಗ ತರೂ ಗಾಯಕಿ ಅಂಗಕ್ಕ ಅದು ದೊಡ್ಡ ಕಾರಣ. ಇಬ್ಬರಿಗೂ ಮುಂದ ಕೂತು ಹೇಳೂ ಮಂದಿ ಇದ್ದರು.

ಕಕ್ಕಬ್ಬೆ ಕಾಫಿ

ಸರ್, ನಿಮ್ಮ ಮಾತಿನಲ್ಲಿ ಪ್ರೀತಿ ಇದೆ, ಗೊತ್ತಾಗ್ತದೆ. ಆದರೆ ಅವರೆಲ್ಲ ಸಂಗೀತವನ್ನೇ ಬದುಕು ಮಾಡಿಕೊಂಡವರು. ನನ್ನ ಬದುಕು ತೋಟದಲ್ಲಿ ಉಂಟು. ಸಂಜೆ ಆ ಒಂದು ಗಂಟೆಯಲ್ಲಿ ನನಗೆ ಸಿಗುವ ಸಂತೋಷ ಪೂರ್ತಿ ನಿಜವಾದದ್ದು. ನನ್ನ ಯಮನ್ ದೊಡ್ಡವರ ಯಮನ್ ಆಗಬೇಕಾಗಿಲ್ಲ, ಸುಳ್ಳು ಯಮನ್ ಆಗಬಾರದು, ಅಷ್ಟೇ ನನ್ನ ಆಸೆ.

ವಿರಾಜಪೇಟೆ ವೀಣೆ

ಇದು ನನ್ನ ಮನಸ್ಸಿನ ಮಾತೂ ಹೌದು. ಸುಳ್ಳಾಗದ ಹಾಗೆ ಕಾಯುವುದಕ್ಕೆ ಧಾರವಾಡದವರ ಮಾತಿನಲ್ಲೇ ಉಪಾಯ ಇದೆ: ಹಾಡಿ. ನುಡಿಸುವ ಮುಂಚೆ ಆ ಸಾಲನ್ನು ಬಾಯಲ್ಲಿ ಹಾಡಿ, ಆಮೇಲೆ ಕೈಗೆ ತನ್ನಿ. ಕಂಠ ಚೆನ್ನಾಗಿರಬೇಕೆಂದೇನಿಲ್ಲ. ಹಾಡಿದ್ದು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಸಿತಾರ್ ಅಲ್ಲೇ ನಿಲ್ಲಬೇಕು. ಬೆರಳಿಗೆ ಉಸಿರು ಇಲ್ಲದ ಕಾರಣ ಅದು ಸುಮ್ಮನೆ ಓಡುತ್ತಲೇ ಇರುತ್ತದೆ. ಹಿನ್ನೆಲೆಯಲ್ಲಿ ತಂಬೂರಿ ಮಾತ್ರ ಇರಲೇಬೇಕು. ಮೊಬೈಲ್ ಆ್ಯಪ್ ಆದರೂ ಸರಿ, ಬೆಂಗಳೂರಿನ ರಾಡೆಲ್ ಕಂಪನಿಯ ಪೆಟ್ಟಿಗೆ ಆದರೂ ಸರಿ. ಕರೆಂಟ್ ಇಲ್ಲದ ದಿನಗಳಿಗೆ ತಂಬೂರಿಯ ಧ್ವನಿಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಸುಂಟಿಕೊಪ್ಪ ಹುಡುಗ

ಒಂದು ಕೇಳ್ಲಾ? ನನಗೆ ಯಮನ್ ಅಷ್ಟು ಪರಿಚಯ ಇಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ನಮ್ಮ ಮನೆಯವರು ದುಡಿ ಹೊಡೆದು ಹಾಡುವ ಹಾಡಿನ ಧಾಟಿ ಸಿತಾರ್‌ನಲ್ಲಿ ಹುಡುಕಿಕೊಂಡು ನುಡಿಸ್ತಾ ಇದ್ದೇನೆ. ಅದು ತಪ್ಪಾ?

ಧಾರವಾಡದ ಕಿವಿ

ತಪ್ಪು ಯಾಕ ಆಗತದ ತಮ್ಮಾ? ಕಿವಿಯಾಗ ಇದ್ದ ಧಾಟಿಯನ್ನ ಕೈಯಿಂದ ಹುಡುಕೂದಕ್ಕಿಂತ ಒಳ್ಳೆ ಅಭ್ಯಾಸ ಇಲ್ಲ. ನಿಮ್ಮ ದುಡಿ ಹಾಡು ನಾನು ಕೇಳೀನಿ, ಸ್ವರದ ಹರವು ಸಣ್ಣದು, ಲಯ ಗಟ್ಟಿ. ಹೊಸಬರ ಕೈಗೆ ಹೊಂದತದ. ಅದರ ಜೋಡಿ ಹದಿನಾರು ಮಾತ್ರೆಯ ನಿಧಾನ ತೀನ್‌ತಾಲದಾಗ ನುಡಿಸೂ ಮಸೀತ್‌ಖಾನಿ ಗತ್ತಿನ ಬೋಲ್ (ಮೀಟಿನ ಸೊಲ್ಲು) ಬಾಯಾಗ ಹೇಳಕೋತ ಕೈ ಹೊಡಿ: ದಿರ್ ದಾ ದಿರ್ ದಾ ರಾ ದಾ ದಾ ರಾ. ಎಂಟು ಮಾತ್ರೆ, ಎರಡು ಸಲ ಹೇಳಿದ್ರ ಹದಿನಾರು. ಶುರು ಆಗೂದು 12ನೇ ಮಾತ್ರೆಗೆ, ಐದು ಮಾತ್ರೆ ದಾಟಿ ಬರೂ ದಾ ಸಮದ, ಅಂದ್ರ ತಾಳದ ಮೊದಲ ಮಾತ್ರೆಯ, ಮ್ಯಾಲೆ ಬೀಳತದ. ಮೊದಲು ತೊಡಿ ಮ್ಯಾಲೆ ತಾಳ ಹಾಕಿ ಹೇಳು, ಆಮೇಲೆ ಮಿಜರಾಬ್ ಹಾಕು.

ಗೋಣಿಕೊಪ್ಪ ನೈಟ್‌ಶಿಫ್ಟ್

ಸರ್, ಇದನ್ನು ಇಷ್ಟು ಸರಳವಾಗಿ ಯಾರೂ ನನಗೆ ಹೇಳಿರಲಿಲ್ಲ. ಸಮ ಎಲ್ಲಿ ಅಂತ ಈಗ ತಿಳಿಯಿತು.

ಧಾರವಾಡದ ಕಿವಿ

ಹಂಗಾದ್ರ ಒಂದು ಮಾಡೂಣು. ವಿರಾಜಪೇಟೆಗೆ ಬರೂವರು ಇದ್ರ ಭಾನುವಾರ ಮುಂಜಾನೆ ನಮ್ಮ ಮನಿಗೆ ಸಿತಾರ್ ತಗೊಂಡು ಬರ್ರಿ. ನಾನು ಉಸ್ತಾದ ಅಲ್ಲ, ಕಲಿತದ್ದು ಸ್ವಲ್ಪ. ಕೂರೂ ಕ್ರಮ, ಬಲಗೈ ಹೆಬ್ಬೆರಳು, ಮಿಜರಾಬಿನ ಕೋನ ಇಷ್ಟು ನೋಡಿ ಹೇಳಬಲ್ಲೆ. ಆಮೇಲೆ ನಿಮ್ಮ ಮನ್ಯಾಗ ನೀವು, ನಿಮ್ಮ ಖುಷಿಗೆ. ಕಕ್ಕಬ್ಬೆ ಅಣ್ಣಾರ, ವಿಳಾಸ ಬೇರೆ ಮೆಸೇಜಿನಾಗ ಕಳಸತೀನಿ.

ಕಕ್ಕಬ್ಬೆ ಕಾಫಿ

ಖಂಡಿತ ಬರ್ತೇನೆ ಸರ್. ಮಳೆ ಹಿಡಿಯುವ ಮುಂಚೆಯೇ ಬರುವುದು ಒಳ್ಳೆಯದು, ಆಮೇಲೆ ನಮ್ಮ ರಸ್ತೆಯಲ್ಲಿ ಮರ ಬಿದ್ದರೆ ಹೇಳಲಿಕ್ಕಾಗುವುದಿಲ್ಲ. ಬುರುಡೆಗೆ ಪೆಟ್ಟಾಗದ ಹಾಗೆ ಜೀಪಿನಲ್ಲಿ ಹೇಗೆ ತರುವುದು ಅಂತ ಮರಗೆಲಸದ ಅಣ್ಣ ಹೇಳಬೇಕು. ಇನ್ನೊಂದು, ಬಾಜ್ ತಂತಿ ಇವತ್ತು ಶ್ರುತಿ ಏರಿಸುವಾಗ ತುಂಡಾಯಿತು. ಅದು ಯಾವ ನಂಬರು ಅಂತ ಕೇಳಿ ತರಬೇಕು?

ಕುಶಾಲನಗರ ಮರಗೆಲಸ

ಮೇಲಿನ ಬುರುಡೆ ತಿರುಪಿನದ್ದಾದರೆ ಬಿಚ್ಚಿ ಬೇರೆ ಸುತ್ತಿ. ಎಲ್ಲ ತಂತಿಗಳನ್ನು ಒಂದು ಸುತ್ತು ಸಡಿಲಿಸಿ. ಕೆಳಗಿನ ಬುರುಡೆಯ ಅಡಿ, ಸುತ್ತ ಕಂಬಳಿ ತುಂಬಿ, ಹಿಂದಿನ ಸೀಟಿನಲ್ಲಿ ಮಲಗಿಸಿ, ಯಾರಾದರೂ ಡಾಂಡಿ ಹಿಡಿದು ಕೂತಿರಲಿ. ಎತ್ತುವಾಗಲೂ ಡಾಂಡಿ ಹಿಡಿದೇ ಎತ್ತಿ, ಬುರುಡೆಗೆ ಕೈ ಆಸರೆ ಮಾತ್ರ.

ವಿರಾಜಪೇಟೆ ವೀಣೆ

ಬಾಜ್‌ಗೆ 3ನೇ ನಂಬರಿನ ಉಕ್ಕಿನ ತಂತಿ, 0.30 ಮಿಲಿಮೀಟರ್ ದಪ್ಪ. ಚಿಕಾರಿಗೆ, ತರಬ್‌ಗೆ ಇನ್ನೂ ತೆಳು, ಸೊನ್ನೆ ನಂಬರು ಕೇಳಿ. ನನ್ನ ಹತ್ತಿರ 3ನೇ ನಂಬರು ಒಂದು ಸುರುಳಿ ಇದೆ. ಭಾನುವಾರ ನಾನೂ ಅಲ್ಲಿಗೆ ಬರುತ್ತೇನೆ, ತಂದುಕೊಡುತ್ತೇನೆ. ಹಳೆಯ ತುಂಡನ್ನು ಎಸೆಯಬೇಡಿ, ಕೆಳಗಿನ ಕೊಕ್ಕೆಗೆ ಕುಣಿಕೆ ಹೇಗೆ ಸುತ್ತಿದ್ದಾರೆ ಅಂತ ನೋಡಿಕೊಳ್ಳಲು ಬೇಕಾಗುತ್ತದೆ. ಹೊಸದನ್ನು ಕತ್ತರಿಸುವ ಮುಂಚೆ ಬಿರಡೆಯ ಮೇಲೆ ನಾಲ್ಕೈದು ಸುತ್ತು ಬರುವಷ್ಟು ಉದ್ದ ಹೆಚ್ಚಿಗೆ ಬಿಡಬೇಕು. ಅದನ್ನು ಅಲ್ಲೇ ಕೂತು ಒಟ್ಟಿಗೆ ಹಾಕೋಣ.